ಭಾನುವಾರದ ಸೂಜಿ

ಈಗ ಭಾನುವಾರ ಅಂದ್ರೆ ಹೊಟ್ಟೆಗೊಂದು ಮೌಂಜಾರೋ ಸೂಜಿ, ಅದೇ ಸಕ್ಕರೆ ಕಾಯಿಲೆಗೂ ತೂಕ ಇಳಿಸೋಕೂ ಕೊಡೋ ಔಷಧ. ಡಾಕ್ಟರ್ ವಾರಕ್ಕೆ 2.5 ಮಿಲಿಗ್ರಾಂನಿಂದ ಶುರು ಮಾಡಿಸಿ, ನಾಲ್ಕು ವಾರ ಕಳೆದ ಮೇಲೆ 5ಕ್ಕೆ ಏರಿಸಿದ್ರು. ಚುಚ್ಚಿದ್ದು ಇರುವೆ ಕಚ್ಚಿದಷ್ಟೂ ನೋವಿಲ್ಲ. ವಾಕರಿಕೆ ಮಾತ್ರ ಮೊದಮೊದಲು ಜೀವ ತಿಂತು. ತಿಂದಿದ್ದು ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತೆ, 'ಸಾಕು' ಅನ್ನೋ ಸುದ್ದಿ ಮಿದುಳಿಗೆ ಬೇಗ ಮುಟ್ಟುತ್ತೆ. ಹಸಿವಿನ ಮಟ್ಟಿಗೆ ಔಷಧದ ಕೆಲಸ ಇದು.

ಇದನ್ನ ತೀರ್ಥಹಳ್ಳಿ ಅತ್ತೆಗೆ ಹೇಳೋರ್ಯಾರು! ಮೊನ್ನೆ ಹಲಸಿನೆಲೆ ಕೊಟ್ಟೆ ಬಿಚ್ಚಿ, ಹಬೆಯಾಡೋ ಕಡುಬಿನ ಮೇಲೆ ತುಪ್ಪ ಸುರಿದ್ರು. ಒಂದು ತಿಂದು ಎರಡನೇದಕ್ಕೆ ಕೈ ಅಡ್ಡ ಹಿಡಿದೆ. "ಎಂತ ಆಯ್ತಾ ನಿಂಗೆ? ನಮ್ಮನೇಲಿ ಯಾರಾದ್ರೂ ಏನಾದ್ರೂ ಅಂದ್ರಾ?" ಅಂದ್ರು. ನಮ್ಮ ಕಡೆ ಊಟ ಬೇಡ ಅಂದ್ರೆ ಒಂದೋ ಜ್ವರ, ಇಲ್ಲಾ ಸಿಟ್ಟು. ಹಸಿವೇ ಇಲ್ಲ ಅನ್ನೋದನ್ನ ಯಾರೂ ನಂಬಲ್ಲ. ನಿಜ ಹೇಳ್ಬೇಕಂದ್ರೆ, ಕಡುಬು ಕಂಡೂ ಬಾಯಲ್ಲಿ ನೀರೂರದೇ ಇದ್ದಿದ್ದು ನಂಗೂ ಒಂಥರಾ ಬೇಜಾರೇ.

ಇನ್ನೊಂದು ತಲೆಬಿಸಿ: ಇನ್ನೂ ಬಳಸದ ಸೂಜಿ ಪೆನ್ನು 2ರಿಂದ 8 ಡಿಗ್ರಿ ತಂಪಲ್ಲಿ ಇರ್ಬೇಕು, ಫ್ರೀಜರಲ್ಲಂತೂ ಇಡಂಗಿಲ್ಲ. ಮಳೆಗಾಲದಲ್ಲಿ ಇಲ್ಲಿ ಮರ ಬಿದ್ರೆ ಕರೆಂಟು ಯಾವಾಗ ಬರುತ್ತೋ ದೇವರೇ ಬಲ್ಲ.

ಮುಂದಿನ ವಾರ ಸಾಗರದಲ್ಲಿ ಮದುವೆ. ಹೋಳಿಗೆ ಬಡಿಸೋರಿಗೆ ಏನು ಸಬೂಬು ಹೇಳ್ಲಿ, ಅನುಭವಸ್ಥರು ತಿಳಿಸಿ.