ಐಪಾಡಿನಲ್ಲಿ ಉಳಿದ ಹಾಡುಗಳನ್ನು ಹೊಸ ಕಂಪ್ಯೂಟರಿಗೆ ಇಳಿಸುವುದು

14 ಜುಲೈ 2024, ಭಾನುವಾರ
ತೀರ್ಥಹಳ್ಳಿ

ಹಳೇ ಕಂಪ್ಯೂಟರ್ ಸತ್ತಿದೆ, ಹಾಡೆಲ್ಲ ಐಪಾಡಿನಲ್ಲಷ್ಟೇ ಉಳಿದಿದೆ. ಇಂಥ ಹೊತ್ತಿನಲ್ಲಿ ಮಾಡಬಾರದ ಕೆಲಸ ಒಂದೇ: ಹೊಸ ಕಂಪ್ಯೂಟರಿಗೆ ಐಟ್ಯೂನ್ಸ್ (ಐಪಾಡಿಗೆ ಹಾಡು ತುಂಬುವ ಆಪಲ್ ತಂತ್ರಾಂಶ) ಹಾಕಿ ಐಪಾಡ್ ಚುಚ್ಚುವುದು. ಇದು ಬೇರೆ ಲೈಬ್ರರಿಯದ್ದು, ಅಳಿಸಿ ಸಿಂಕ್ ಮಾಡಲೇ, ಅಂದರೆ ಕಂಪ್ಯೂಟರಿನಲ್ಲಿ ಇದ್ದ ಹಾಗೇ ಮಾಡಲೇ ಎಂದು ಐಟ್ಯೂನ್ಸ್ ಕೇಳುತ್ತದೆ. ಹೂಂ ಅಂದರೆ ಹೊಸ ಕಂಪ್ಯೂಟರಿನ ಖಾಲಿ ಲೈಬ್ರರಿಯೇ ಐಪಾಡಿಗೂ ಬರುತ್ತದೆ. ಐಟ್ಯೂನ್ಸ್ ಮೊದಲೇ ಇದ್ದರೆ ಚುಚ್ಚುವಾಗ ಶಿಫ್ಟ್ ಮತ್ತು ಕಂಟ್ರೋಲ್ ಎರಡನ್ನೂ ಒತ್ತಿ ಹಿಡಿಯಿರಿ, ಸಿಂಕ್ ಶುರುವಾಗುವುದಿಲ್ಲ.

ಮೆನು, ಪ್ಲೇ ಗುಂಡಿಗಳು ಚಕ್ರದ ಮೇಲೇ ಇರುವ ಐಪಾಡ್ ಕಂಪ್ಯೂಟರಿನ ಕಣ್ಣಿಗೆ ಬರೀ ಒಂದು ಡಿಸ್ಕ್. ಡ್ರೈವ್ ಆಗಿ ಕಾಣದಿದ್ದರೆ ಮೆನು ಮತ್ತು ನಡುವಿನ ಗುಂಡಿ ಒತ್ತಿ ಹಿಡಿದು, ಸೇಬು ಬಂದ ಕೂಡಲೇ ಬಿಟ್ಟು, ನಡುವಿನ ಗುಂಡಿ ಮತ್ತು ಪ್ಲೇ ಹಿಡಿಯಿರಿ. ಡಿಸ್ಕ್ ಮೋಡ್ ಬರುತ್ತದೆ. (ಐಪಾಡ್ ಟಚ್‌ಗೆ ಇದು ಯಾವುದೂ ನಡೆಯದು.) ವಿಂಡೋಸಿನಲ್ಲಿ ಅಡಗಿಸಿದ ಫೈಲುಗಳನ್ನು ತೋರಿಸು ಎಂದರೆ ಐಪಾಡ್ ಕಂಟ್ರೋಲ್ ಎಂಬ ಫೋಲ್ಡರ್, ಅದರೊಳಗೆ ಮ್ಯೂಸಿಕ್, ಅದರೊಳಗೆ ಎಫ್00, ಎಫ್01 ಎಂದು ಸಾಲು. ಹಾಡುಗಳೆಲ್ಲ ಅಲ್ಲೇ ಇವೆ, ಆದರೆ ಹೆಸರು ಮಾತ್ರ ಅರ್ಥವಿಲ್ಲದ ನಾಲ್ಕು ಅಕ್ಷರ. ಅಡಿಕೆ ಮಂಡಿಯಲ್ಲಿ ಚೀಲಕ್ಕೆ ನಂಬರ್ ಹಾಕಿ ಯಜಮಾನರ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಆ ಪುಸ್ತಕ ಪಕ್ಕದ ಐಟ್ಯೂನ್ಸ್ ಫೋಲ್ಡರಿನ ಐಟ್ಯೂನ್ಸ್‌ಡಿಬಿ ಎಂಬ ಫೈಲ್. ಪ್ಲೇಲಿಸ್ಟ್, ಹಾಡಿಗೆ ಕೊಟ್ಟ ನಕ್ಷತ್ರ, ಎಷ್ಟು ಸಲ ಕೇಳಿದ್ದು ಎಲ್ಲ ಅದರಲ್ಲೇ. ಆದ್ದರಿಂದ ಮ್ಯೂಸಿಕ್ ಮಾತ್ರವಲ್ಲ, ಐಪಾಡ್ ಕಂಟ್ರೋಲ್ ಇಡಿಯಾಗಿ ನಕಲಾಗಬೇಕು.

ನಕಲಿಗೆ ಮೌಸಿನಿಂದ ಎಳೆದು ಬಿಡುವುದಕ್ಕಿಂತ ವಿಂಡೋಸಿನಲ್ಲೇ ಇರುವ ರೋಬೋಕಾಪಿ ಎಂಬ ನಕಲು ಆಜ್ಞೆ ಮೇಲು. ಆದರೆ ಓದಲಾಗದ ಫೈಲ್ ಸಿಕ್ಕರೆ ಅದು ತಾನಾಗಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ! ಹಳೇ ಡಿಸ್ಕಿನಲ್ಲಿ ಒಂದಾದರೂ ಕೆಟ್ಟ ಜಾಗ ಇದ್ದೇ ಇರುತ್ತದೆ ಎಂದುಕೊಂಡು ಮರುಪ್ರಯತ್ನ 1, ಕಾಯುವ ಸಮಯ 1 ಸೆಕೆಂಡ್ ಎಂದು ಕೊಡಿ. ಸೆಕೆಂಡಿಗೆ 10 ಎಂಬಿ ಲೆಕ್ಕದಲ್ಲಿ 30 ಜಿಬಿಗೆ 50 ನಿಮಿಷ. ಆಷಾಢದ ಮಳೆಯಲ್ಲಿ ಇಲ್ಲಿ ಕರೆಂಟ್ ಅಷ್ಟು ಹೊತ್ತು ನಿಂತರೆ ಪುಣ್ಯ. ನಡುವೆ ಹೋದರೆ ಅದೇ ಆಜ್ಞೆ ಮತ್ತೆ ಕೊಟ್ಟರೆ ಸಾಕು, ಆದದ್ದನ್ನು ಬಿಟ್ಟು ಉಳಿದದ್ದನ್ನು ಹಿಡಿಯುತ್ತದೆ. ಕೊನೆಗೆ ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಎಣಿಕೆ ತಾಳೆ ನೋಡಿ.

ಹೆಸರು ಮರಳಿ ಬರುವುದು ಟ್ಯಾಗಿನಿಂದ, ಅಂದರೆ ಹಾಡಿನ ಹೆಸರು, ಗಾಯಕರನ್ನು ಬರೆದಿಟ್ಟ ಚೀಟಿಯಿಂದ. ಸಿಡಿಯಿಂದ ತೆಗೆದ ಅಥವಾ ದುಡ್ಡು ಕೊಟ್ಟು ಕೊಂಡ ಹಾಡುಗಳಲ್ಲಿ ಟ್ಯಾಗ್ ಸಾಮಾನ್ಯವಾಗಿ ಫೈಲಿನೊಳಗೇ ಇರುತ್ತದೆ, ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಟ್ಯಾಗಿನಿಂದ ಫೈಲ್ ಹೆಸರು ಎಂಬ ಆಯ್ಕೆ ಒತ್ತಿದರೆ ಸಾವಿರ ಹಾಡಾದರೂ ಒಂದೇ ಸಲ ಸರಿಹೋಗುತ್ತದೆ. ಪೇಚಾಟವೆಲ್ಲ ಕ್ಯಾಸೆಟ್ಟಿನಿಂದ ಇಳಿಸಿದ ತಾಳಮದ್ದಳೆ, ಯಕ್ಷಗಾನದ್ದು. 128 ಕೆಬಿಪಿಎಸ್‌ನಲ್ಲಿ ಮೂರು ಗಂಟೆಯ ಪ್ರಸಂಗ ಸುಮಾರು 170 ಎಂಬಿ, ಟ್ಯಾಗ್ ಮಾತ್ರ ಸೊನ್ನೆ. ಅಂಥ ಫೈಲಿನ ಹೆಸರನ್ನೇ ಐಟ್ಯೂನ್ಸ್ ಶೀರ್ಷಿಕೆ ಎಂದುಕೊಂಡು ಡಿಬಿಯಲ್ಲಿ (ಅದೇ ಐಟ್ಯೂನ್ಸ್‌ಡಿಬಿ) ಬರೆದುಕೊಂಡಿರುತ್ತದೆ, ಫೈಲಿನೊಳಗೆ ಏನೂ ಇರುವುದಿಲ್ಲ. ಎಂಪಿ3ಟ್ಯಾಗಿಗೆ ಅಲ್ಲಿ ಕೆಲಸವಿಲ್ಲ. ಡಿಬಿಯನ್ನೇ ಓದಬಲ್ಲ ತಂತ್ರಾಂಶ ಬೇಕು. ಪೆನ್ ಡ್ರೈವಿನಿಂದ ಉಬುಂಟು (ವಿಂಡೋಸಿನ ಬದಲು ಓಡುವ ಒಂದು ಲಿನಕ್ಸ್) ಎಬ್ಬಿಸಿ ಅದರ ಹಾಡಿನ ತಂತ್ರಾಂಶ ರಿದಮ್‌ಬಾಕ್ಸ್ ತೆರೆದರೆ ಪ್ರಸಂಗದ ಹೆಸರು ಸಮೇತ ಪಟ್ಟಿ ಕಾಣುತ್ತದೆ.

ಮ್ಯಾಕಿನಲ್ಲಿ ಫಾರ್ಮ್ಯಾಟ್ ಆದ ಐಪಾಡಿಗೂ ಇದೇ ದಾರಿ. ವಿಂಡೋಸಿಗೆ ಮ್ಯಾಕಿನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಓದಲು ಬಾರದು, ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು ಎಂದು ಹೆದರಿಸುತ್ತದೆ. ಕ್ಯಾನ್ಸಲ್ ಒತ್ತಿ ಲಿನಕ್ಸಿಗೆ ಹೋಗಿ.

ಕನ್ನಡ ಹೆಸರುಗಳದ್ದು ಬೇರೆ ಕಥೆ. ಎಂಪಿ3 ಟ್ಯಾಗಿನ ಮಾದರಿಯಾದ ಐಡಿ3ರ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆ, ಗಾಯಕ, ಆಲ್ಬಂ ಅಂಕಣಗಳಿಗೆ ತಲಾ 30 ಅಕ್ಷರ ಜಾಗ, ಕನ್ನಡ ಯೂನಿಕೋಡ್‌ಗೆ ಅಲ್ಲಿ ಜಾಗವೇ ಇಲ್ಲ. ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋದದ್ದು ಮರಳಿ ಬಾರದು. ಹಳೇ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಗಾಬರಿ ಬೇಡ, ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಓದಲು ಬರುತ್ತದೆ. ಸರಿಪಡಿಸಿದ್ದನ್ನು ಐಡಿ3 2.3, ಯುಟಿಎಫ್-16 ಎಂದು ಉಳಿಸಿ.

ಹಳೇ ಕಂಪ್ಯೂಟರ್ ಇನ್ನೂ ಬದುಕಿದ್ದರೆ ಇಷ್ಟೆಲ್ಲ ಬೇಡ. ಐಪಾಡಿನ ಮೇಲೆ ಹಾಡು ಎಂದೊಂದು ಫೋಲ್ಡರ್ ಮಾಡಿ ಪೆನ್ ಡ್ರೈವಿನಂತೆ ತುಂಬಿ ತನ್ನಿ. ಅದರಲ್ಲಿ ಹಾಕಿದ್ದು ಐಪಾಡಿನಲ್ಲಿ ನುಡಿಯುವುದಿಲ್ಲ, ಆದರೆ ಹೆಸರು ಹಾಗೇ ದಾಟುತ್ತದೆ. ವಿಂಡೋಸಿನಲ್ಲಿ ಫಾರ್ಮ್ಯಾಟ್ ಆದ ಐಪಾಡ್ ಡಿಸ್ಕ್ ಫ್ಯಾಟ್32 ಮಾದರಿಯದ್ದು, ಆದ್ದರಿಂದ ಒಂದು ಫೈಲ್ 4 ಜಿಬಿ ಮೀರಬಾರದು. ಎಂ4ಪಿ ಎಂದು ಕೊನೆಯಾಗುವ ಹಳೇ ಖರೀದಿ ಹಾಡುಗಳು ನಕಲಾದರೂ, ಕೊಂಡ ಆಪಲ್ ಖಾತೆಯಿಂದ ಹೊಸ ಕಂಪ್ಯೂಟರಿಗೆ ಅನುಮತಿ ಕೊಡುವವರೆಗೆ ಹಾಡುವುದಿಲ್ಲ. ಒಂದು ಖಾತೆಗೆ 5 ಕಂಪ್ಯೂಟರ್ ಮಿತಿ.