3 ಲಕ್ಷ ದಾಟಿದ ಬೆಂಜ್

ಓಡೋಮೀಟರ್ 3 ಲಕ್ಷ ಕಿ.ಮೀ. ದಾಟಿದ ಡಬ್ಲ್ಯು124 (ಮರ್ಸಿಡಿಸ್-ಬೆಂಜ್‌ನ ಹಳೇ ಮಾದರಿ) ತಂದಾಗ ಅಮ್ಮ ಕೇಳಿದ್ದು ಒಂದೇ: ‘ಈ ದುಡ್ಡಿಗೆ ಹೊಸ ಸಣ್ಣ ಕಾರು ಬರ್ತಿರಲಿಲ್ವೇನೋ?’ ಬರ್ತಿತ್ತು. ಆದರೆ 1995ರಲ್ಲಿ ಪುಣೆಯಲ್ಲಿ ಜೋಡಣೆ ಶುರುವಾದ ಈ ಇ-ಕ್ಲಾಸ್‌ನ ಬಾಗಿಲು ಮುಚ್ಚುವ ‘ದಬ್’ ಸದ್ದು ಅದರಲ್ಲೆಲ್ಲಿ?

ಮುಂದಿನ ಗಾಜಿಗೆ ಒಂದೇ ವೈಪರ್. ಮಳೇಲಿ ನೋಡಬೇಕು: ಮೂಲೆ ಹತ್ತಿರವಾದಂತೆ ತೋಳು ಚಾಚುತ್ತೆ, ನಡುವೆ ಒಳಗೆಳೆದುಕೊಳ್ಳುತ್ತೆ, ಆಚೆ ಮೂಲೆಗೆ ಮತ್ತೆ ಚಾಚುತ್ತೆ. ಅದರ ಗೇರುಗಳಿಗೆ ಗ್ರೀಸ್ ಹಾಕಿಸೋದನ್ನ ಬಹಳ ಜನ ಮರೀತಾರೆ.

ಖರ್ಚು ಇಂಜಿನ್ನಿಗಿಂತ ರಬ್ಬರ್ ಭಾಗಗಳಿಗೇ ಜಾಸ್ತಿ. ಬುಷ್, ಮೌಂಟ್, ಹೋಸ್‌ಗಳಿಗೆ ಕಾರು ನಿಂತಿದ್ದರೂ ವಯಸ್ಸಾಗುತ್ತೆ. ರಿಪೇರಿಗೆ ಅಂತ ಕಾರಿನ ಬೆಲೆಯಷ್ಟೇ ದುಡ್ಡು ಪಕ್ಕಕ್ಕಿಟ್ಟುಕೊಂಡೇ ಚೌಕಾಸಿಗಿಳಿಯಿರಿ. 15 ವರ್ಷ ದಾಟಿದ್ದಕ್ಕೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಹಸಿರು ತೆರಿಗೆ ಬೇರೆ.

ಸದ್ಯಕ್ಕೆ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್ ಅದುರದಂತೆ ತಡೆಯೋ ಭಾಗ) ಹುಡುಕ್ತಿದ್ದೀನಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾರ ಹತ್ತಿರ ಸಿಗುತ್ತೆ, ಗೊತ್ತಿದ್ದವರು ಹೇಳ್ರಪ್ಪ.