ಧಣಿ, ಕಾರುಬಾರು, ತಿಳಿಸಲಾಗಿದೆ

ಕಾಸರಗೋಡಿನ ಯಾವ ಧಣಿಯೂ ತನ್ನನ್ನು ತಾನೇ ಧಣಿ ಎಂದು ಕರೆದುಕೊಂಡದ್ದನ್ನು ನಾನು ಕೇಳಿಲ್ಲ. ಅಧಿಕಾರವನ್ನು ಹೆಸರಿಸುವ ಪದಗಳು ಹೆಚ್ಚಾಗಿ ಕೆಳಗೆ ನಿಂತವರ ಬಾಯಿಂದಲೇ ಬರುತ್ತವೆ. ಮೇಲೆ ಕುಳಿತವರಿಗೆ ಅವನ್ನು ಆಡುವ ಅಗತ್ಯ ಬೀಳುವುದಿಲ್ಲ. (ಯಕ್ಷಗಾನದ ರಾಕ್ಷಸ ಇದಕ್ಕೆ ಅಪವಾದ. ಅವನು ತನ್ನ ಪ್ರತಾಪವನ್ನು ತಾನೇ ಬಣ್ಣಿಸಿಕೊಳ್ಳುತ್ತಾನೆ, ಬೆಳಗಾಗುವುದರೊಳಗೆ ಸಾಯುತ್ತಾನೆ.)

ನಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯದೊಂದು ಚಾಲಗೇಣಿ ಚೀಟು, ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿಯ ಕರಾರುಪತ್ರ, ಉಳಿದಿದೆ. ಬರೆಸಿಕೊಂಡವರು ಧಣಿಗಳು, ಬರೆದುಕೊಟ್ಟವನು ಒಕ್ಕಲು. ಅಕ್ಕಿ ಮುಡಿಗಳನ್ನು ವಾಯಿದೆಗೆ ಸರಿಯಾಗಿ ತಮ್ಮ ಅಂಗಳಕ್ಕೆ ತಲುಪಿಸುತ್ತೇನೆ, ತಾವು ಕೇಳಿದಾಗ ತಕರಾರಿಲ್ಲದೆ ಭೂಮಿ ಬಿಟ್ಟುಕೊಡುತ್ತೇನೆ ಎಂಬ ಅರ್ಥದ ಮಾತುಗಳೆಲ್ಲ ಅಲ್ಲಿ ಒಕ್ಕಲಿನ ‘ನಾನು’ ಎಂಬುದಕ್ಕೆ ಸೇರಿವೆ. ಧಣಿಗಳು ಮಾಡಬೇಕಾದದ್ದೆಂದು ಒಂದು ಕೆಲಸವೂ ಅದರಲ್ಲಿಲ್ಲ. ಕೆಳಗೆ ಹೆಬ್ಬೆಟ್ಟಿನ ಗುರುತು ಇದೆ, ಅಂದರೆ ತನ್ನ ಹೆಸರಿನಲ್ಲಿ ಬರೆದದ್ದನ್ನು ಆತ ಓದಿರಲಾರ. ಮೂಲಗೇಣಿಯವನಿಗಾದರೆ ಶಾಶ್ವತ ಹಕ್ಕು, ನಿಗದಿಯಾದ ಗೇಣಿ ಇದ್ದವು. ಚಾಲಗೇಣಿಯವನು ಬದುಕಿದ್ದು ಧಣಿಗಳ ಮರ್ಜಿಯ ಮೇಲೆ, ಆ ಮರ್ಜಿಯನ್ನು ಕಾಗದಕ್ಕೆ ಇಳಿಸುವ ಕೆಲಸವೂ ಅವನ ಪಾಲಿಗೇ ಬಂದಿತ್ತು.

ಕೇರಳದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಗೊಂಡಿತು, ಒಕ್ಕಲುಗಳ ಕೈಗೆ ಪಟ್ಟಯ, ಅಂದರೆ ಭೂಮಿಯ ಹಕ್ಕುಪತ್ರ, ಬಂತು. ಪದಗಳು ಮಾತ್ರ ವೇಷ ಬದಲಿಸಿಕೊಂಡು ಉಳಿದವು. ಈಗ ಬಸ್ಸಿನ ಮಾಲಕರೂ ಧಣಿ, ಅಡಿಕೆ ವ್ಯಾಪಾರಿಯೂ ಧಣಿ. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ತಮಾಷೆ. ಫಾರಸಿಯಿಂದ ಬಂದು ಆಡಳಿತದಲ್ಲಿ ಗಂಭೀರವಾಗಿ ಬಳಕೆಯಾಗುತ್ತಿದ್ದ ‘ದರ್ಬಾರು’, ‘ಕಾರುಬಾರು’ಗಳ ಗತಿಯೂ ಇಷ್ಟೇ. ಸಂಘದ ಅಧ್ಯಕ್ಷರ ಬಗ್ಗೆ ಯಾರಾದರೂ “ಅಲ್ಲಿ ಅವರದ್ದೇ ಕಾರುಬಾರು” ಎಂದರೆ ಅದು ಹೊಗಳಿಕೆಯಲ್ಲವೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈಗಿನ ಅಧಿಕಾರಕ್ಕೆ ಇಂತಹ ಹೆಸರುಗಳೂ ಬೇಕಾಗಿಲ್ಲ, ಕ್ರಿಯಾಪದದ ಬಾಲವೊಂದಿದ್ದರೆ ಸಾಕು. ಕಚೇರಿಯ ಪತ್ರದಲ್ಲಿ “ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದು ತಿಳಿಸಲಾಗಿದೆ” ಎಂದಿರುತ್ತದೆ. ತಿರಸ್ಕರಿಸಿದವರು ಯಾರು, ತಿಳಿಸಿದವರು ಯಾರು ಎಂಬುದು ಎಷ್ಟು ಓದಿದರೂ ಸಿಗುವುದಿಲ್ಲ. ಧಣಿಗಳ ಮೇಲೆ ಸಿಟ್ಟು ಬಂದರೆ ಅವರ ಜಗಲಿ ಎಲ್ಲಿದೆಯೆಂದು ಒಕ್ಕಲಿಗೆ ಗೊತ್ತಿತ್ತು. ‘ಲಾಗಿದೆ’ಗೆ ಜಗಲಿಯೇ ಇಲ್ಲ.

ಕಾಸರಗೋಡು 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಮೇಲೆ ನಾವು ‘ಭಾಷಾ ಅಲ್ಪಸಂಖ್ಯಾತರು’ ಆದೆವು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಗಡಿ ವಿವಾದದ ವಿಚಾರಣೆಗೆ ನೇಮಕವಾಗಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತಾದರೂ ಹೇಳಿದ್ದು ಶಿಫಾರಸಾಗಿಯೇ ಉಳಿಯಿತು. ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದ 2017ರ ಕಾಯ್ದೆಯ ಹೆಸರಿನಲ್ಲಿ ಇರುವ ಪದ ‘ಕಲಿಕೆ’. ನಮ್ಮ ಪ್ರತಿಭಟನೆಗಳಲ್ಲಿ ಅದೇ ‘ಹೇರಿಕೆ’ ಆಯಿತು. ನಮ್ಮ ಪದವೇ ನಿಜಕ್ಕೆ ಹತ್ತಿರವೆಂದು ನಾನು ಈಗಲೂ ನಂಬುತ್ತೇನೆ.

ಆದರೆ ಮನೆಯಲ್ಲಿ ತುಳುವನ್ನೋ ಮರಾಟಿಯನ್ನೋ ಆಡುತ್ತಿದ್ದ ಮಕ್ಕಳು ಕನ್ನಡ ಶಾಲೆಯ ಅಂಗಳದಲ್ಲಿ ಅದೇ ಮಾತನ್ನು ಆಡಿ ಬೈಸಿಕೊಂಡಾಗ ನಾವು ಹೇರಿಕೆ ಎನ್ನಲಿಲ್ಲ, ಶಿಸ್ತು ಎಂದೆವು. ಅಜ್ಜನ ಪ್ರಾಯದ ಕೆಲಸದವರನ್ನು ತೋಟದಲ್ಲಿ ಏಕವಚನದಲ್ಲಿ ಕರೆಯುವುದಕ್ಕೂ ನಮ್ಮಲ್ಲಿ ಚೆಂದದ ಹೆಸರಿದೆ: ಸಲುಗೆ. ಆ ಸಲುಗೆಯ ಮೇಲೆ ಅವರು ನಮ್ಮ ಮನೆಯ ಹತ್ತು ವರ್ಷದ ಹುಡುಗನನ್ನು ‘ನೀನು’ ಎಂದದ್ದನ್ನು ನಾನು ಕಂಡಿಲ್ಲ, ಮತ್ತು ಭಾಷೆಯ ಹಕ್ಕಿಗಾಗಿ ನಾವು ಸಲ್ಲಿಸುವ ಮನವಿಗಳಲ್ಲಿ ಈ ಬಗ್ಗೆ ಒಂದು ಸಾಲನ್ನೂ ಓದಿಲ್ಲ.